ಬೋಧಕರ ತರಗತಿಗಳು ಆರನೇ ವಾರಕ್ಕೆ ನಿಂತುಹೋಗ್ತಿವೆ. ತರಬೇತಿ ಆದಮೇಲೆ ಅವರಿಗೆ ಏನು ಬೆಂಬಲ ಕೊಡಬೇಕು?

ಸಂಜೆಪಾಠ

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ವಯಸ್ಕರ ಸಾಕ್ಷರತಾ ತರಗತಿಗಳ ಉಸ್ತುವಾರಿ ನನ್ನದು. ಬೋಧಕರು 12 ಜನ. ಏಳು ಮಂದಿ ಪಿಯುಸಿ, ಡಿಗ್ರಿ ಓದುತ್ತಿರುವ ಹುಡುಗಿಯರು, ಮೂವರು ಸ್ವಸಹಾಯ ಸಂಘದವರು, ಇಬ್ಬರು ನಿವೃತ್ತ ಮೇಷ್ಟ್ರು. ಎಲ್ಲರೂ ಸ್ವಯಂಸೇವಕರು, ಯಾರಿಗೂ ಗೌರವಧನ ಇಲ್ಲ. ಒಬ್ಬೊಬ್ಬರ ಹತ್ತಿರ 6ರಿಂದ 10 ಕಲಿಕಾರ್ಥಿಗಳು, ಬಹುತೇಕ ಹೆಂಗಸರು, ವಯಸ್ಸು 35ರಿಂದ 60. ರಾತ್ರಿ 7:30ರಿಂದ 8:45ರ ತನಕ ತರಗತಿ, ವಾರಕ್ಕೆ ಐದು ದಿನ.

ಶುರುವಿನಲ್ಲಿ ಒಂದು ದಿನದ ತರಬೇತಿ ಕೊಟ್ಟು ಪ್ರೈಮರ್ (ಅಕ್ಷರ ಕಲಿಸುವ ಮೊದಲ ಪುಸ್ತಕ), ಸ್ಲೇಟು, ಬಳಪ ಹಂಚಿದ್ದಾಯಿತು. ಐದು ವಾರ ಚೆನ್ನಾಗಿಯೇ ನಡೆಯುತ್ತದೆ. ಕಾಗುಣಿತಕ್ಕೆ ಕೈ ಹಾಕಿದ ಮೇಲೆ ಹಾಜರಾತಿ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಬೋಧಕಿಯೇ "ಯಾರೂ ಬರ್ತಿಲ್ಲ ಮೇಡಂ" ಅಂತ ಫೋನ್ ಮಾಡುತ್ತಾಳೆ. ಗಣಿತದ ಪುಟಗಳನ್ನಂತೂ ಹೆಚ್ಚಿನವರು ಮುಟ್ಟುವುದೇ ಇಲ್ಲ.

ಕೇಳಬೇಕಾದ್ದು ಇಷ್ಟು. ಮೊದಲ ತರಬೇತಿ ಮುಗಿದ ಮೇಲೆ ಬೋಧಕರ ಜತೆ ಏನು ಮಾಡಬೇಕು, ಎಷ್ಟು ದಿನಕ್ಕೊಮ್ಮೆ? ಕಾಗುಣಿತ, ಒತ್ತಕ್ಷರ ಕಲಿಸುವ ದಾರಿ ಬೇರೆ ಏನಾದರೂ ಇದೆಯೇ? ಲೆಕ್ಕವನ್ನು ಎಲ್ಲಿಂದ ಹಿಡಿಯಬೇಕು? ತರಗತಿ ನೋಡಲು ಹೋದಾಗ ತಪಾಸಣೆಗೆ ಬಂದವರ ಹಾಗೆ ಕಾಣದಿರುವುದು ಹೇಗೆ? ಕೈಯಲ್ಲಿರುವ ಹಣ ಒಟ್ಟು 3,000 ರೂಪಾಯಿ. ಮನೆಮನೆಗೆ ಹೋಗಿ ಜಾಗೃತಿ ಮೂಡಿಸಿ ಅನ್ನುವ ಉತ್ತರ ಮಾತ್ರ ದಯವಿಟ್ಟು ಬೇಡ, ಅದನ್ನೆಲ್ಲ ಮಾಡಿ ಆಗಿದೆ.

ಕಾಗುಣಿತ

ಆರನೇ ವಾರಕ್ಕೆ ನಿಲ್ಲುವುದಕ್ಕೆ ಕಾರಣ ಕಲಿಕಾರ್ಥಿಗಳ ಉದಾಸೀನ ಅಲ್ಲ. ಒಂದು ದಿನದ ತರಬೇತಿಯಲ್ಲಿ ಬೋಧಕರಿಗೆ ಸಿಕ್ಕ ಸರಕು ಅಲ್ಲಿಗೆ ಖಾಲಿಯಾಗಿರುತ್ತದೆ. ಮುಂದಿನದಕ್ಕೆ ಅವರು ತಾವು ಶಾಲೆಯಲ್ಲಿ ಕಲಿತದ್ದನ್ನೇ ನೆನಪಿಸಿಕೊಂಡು "ಕ ಕಾ ಕಿ ಕೀ" ಹೇಳಿಸುತ್ತಾರೆ. 34 ವ್ಯಂಜನ, ಒಂದೊಂದಕ್ಕೂ ಹತ್ತು ಹನ್ನೆರಡು ರೂಪ, ನಾನೂರು ದಾಟುತ್ತದೆ. ದಿನವಿಡೀ ಹೊಲದಲ್ಲಿ ದುಡಿದು ಬಂದ ಹೆಂಗಸು ಈ ಸಾಲನ್ನು ಹಾಡಿನ ಹಾಗೆ ಒಪ್ಪಿಸುತ್ತಾಳೆ, ಆದರೆ ನಡುವಿನ "ಕೇ" ಒಂದನ್ನೇ ತೋರಿಸಿ ಕೇಳಿದರೆ ಮೊದಲಿನಿಂದ ಎಣಿಸಿಕೊಂಡು ಬರಬೇಕಾಗುತ್ತದೆ. "ನನ್ನ ತಲೆಗೆ ಹತ್ತಲ್ಲ" ಅನ್ನುವ ಮಾತು ಹುಟ್ಟುವುದು ಅಲ್ಲೇ.

ಸಾಲನ್ನು ಅಡ್ಡ ಓದಿಸಬೇಡಿ, ಉದ್ದ ಓದಿಸಿ. ಅಂದರೆ ಒಂದು ಅಕ್ಷರಕ್ಕೆ ಹನ್ನೆರಡು ಚಿಹ್ನೆ ಬೇಡ, ಒಂದೇ ಚಿಹ್ನೆ, ಗೊತ್ತಿರುವ ಎಲ್ಲ ಅಕ್ಷರಗಳಿಗೆ. ಸರಕಾರಿ ಪ್ರಾಥಮಿಕ ಶಾಲೆಗಳ ನಲಿಕಲಿ ಪದ್ಧತಿಯ ಕ್ರಮದಲ್ಲಿ ರ, ಗ, ಸ, ದ, ಅ, ಆಮೇಲೆ ಜ, ವ, ಮ, ಬ, ನ. ಈ ಹತ್ತರಿಂದಲೇ ಸರ, ದರ, ಅರಸ, ಗರಗಸ, ಮಗ, ಮರ, ದನ, ಜನ, ನಗರ, ಬಸವ, ಗದಗ ಎಲ್ಲ ಬರುತ್ತವೆ. ಗದಗ ಅನ್ನುವ ಬಸ್ ಬೋರ್ಡನ್ನು ಮೊದಲ ವಾರವೇ ಓದಿದವರು ಎರಡನೇ ವಾರಕ್ಕೆ ತಾವಾಗಿಯೇ ಬರುತ್ತಾರೆ. ಅಕ್ಷರಮಾಲೆ ಪೂರ್ತಿ ಮುಗಿಯಲಿ ಅಂತ ಕಾಯದೆ, ಈ ಹತ್ತು ಗಟ್ಟಿಯಾದ ಕೂಡಲೇ "ಆ"ದ ಚಿಹ್ನೆ ತನ್ನಿ: ದಾರ, ಸಾರ, ಮಾವ, ಸಾಗರ, ಮಾನವ. ಒಂದು ವಾರ ಅದೊಂದೇ. ಮುಂದಿನ ವಾರ "ಇ": ರಾಗಿ, ದಾರಿ, ಮಾರಿ, ಗಿರಿಜಾ. ಅದರ ಮುಂದಿನ ವಾರ "ಉ": ಸಾರು, ಗುರು, ಮಗು, ದನಗಳು ಅನ್ನಲು ಳ ಬೇಕಾದರೆ ಅದನ್ನೂ ಆಗಲೇ ಕೊಡಿ. ಆಮೇಲೆ "ಎ", "ಒ".

ದೀರ್ಘಗಳನ್ನು ಬೇರೆ ಪಾಠ ಮಾಡಬೇಡಿ. ಕಿ-ಕೀ, ಕೆ-ಕೇ, ಕೊ-ಕೋ ಈ ಮೂರು ಜೋಡಿಯಲ್ಲೂ ಸೇರುವುದು ಒಂದೇ ದೀರ್ಘದ ಗುರುತು. ಒಂದೇ ಸಂಜೆಯಲ್ಲಿ ಮೂರೂ ತೆರೆದುಕೊಳ್ಳುತ್ತವೆ. ಇದನ್ನು ಬೋಧಕರಿಗೆ ಹೇಳಿಕೊಟ್ಟರೆ ಅವರ ಮುಖವೂ ಅರಳುತ್ತದೆ, ಯಾಕಂದರೆ ಬಹಳ ಜನ ಅದನ್ನು ಗಮನಿಸಿರುವುದೇ ಇಲ್ಲ. ಎಡವುವ ಜಾಗ: ಪು, ವು ಇವಕ್ಕೆ ಕೊಂಬು ಉಳಿದವುಗಳಂತೆ ಪಕ್ಕಕ್ಕೆ ಅಂಟದೆ ಕೆಳಗೆ ಸೇರುತ್ತದೆ. ಮಿ, ಯಿ, ಮೊ, ಯೊ ಇವುಗಳ ರೂಪವೂ ಬೇರೆ. ಈ ಆರನ್ನು ಒಂದು ಕಾರ್ಡಿನಲ್ಲಿ ಬರೆದು ಗೋಡೆಗೆ ಅಂಟಿಸಿ, ನಿಯಮ ವಿವರಿಸಲು ಹೋಗಬೇಡಿ.

ಒತ್ತಕ್ಷರದಲ್ಲಿ ಆಗುವ ತಪ್ಪು ಎಲ್ಲ ಊರಲ್ಲೂ ಒಂದೇ. "ಹಕ್ಕಿ"ಯನ್ನು "ಹಕಿಕ" ಅಂತ ಓದುತ್ತಾರೆ, "ಬೆಕ್ಕು" ಅನ್ನುವುದನ್ನು "ಬೆಕುಕ". ಕಣ್ಣಿಗೆ ಕಾಣುವ ಹಾಗೆ ಓದಿದರೆ ಅವರು ಸರಿ: ಗುಡಿಸು, ಕೊಂಬು ಮೇಲಿನ ಅಕ್ಷರಕ್ಕೆ ಅಂಟಿದೆ, ಒತ್ತು ಅದರ ಕೆಳಗಿದೆ. ಆದರೆ ಬಾಯಲ್ಲಿ ಸ್ವರ ಬರುವುದು ಒತ್ತಿನ ನಂತರ. ಹಾಗಾಗಿ ಮೊದಲು ಕಿವಿಗೆ ಕೊಡಿ. ಚಪ್ಪಾಳೆ ತಟ್ಟಿ "ಹಕ್" ಒಂದು ತಟ್ಟು, "ಕಿ" ಒಂದು ತಟ್ಟು. ನಾಲ್ಕೈದು ಪದ ಹೀಗೆ ಬಿಡಿಸಿದ ಮೇಲೆ ಬರಹ ತೋರಿಸಿ. ಶುರುವಿಗೆ ನೆಂಟರ ಹೆಸರೇ ಸಾಕು: ಅಕ್ಕ, ಅಪ್ಪ, ಅವ್ವ, ಅಜ್ಜ, ಅಣ್ಣ, ಅಮ್ಮ. ಮೊದಲ ನಾಲ್ಕರಲ್ಲಿ ಒತ್ತು ಮೇಲಿನ ಅಕ್ಷರದ ಮರಿಯಂತೆಯೇ ಇದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆ ಆಕಾರ, ಅವನ್ನು ದಿನಕ್ಕೊಂದರಂತೆ. ಅರ್ಕಾವತ್ತು ಕೊನೆಗೆ: "ವರ್ಷ"ವನ್ನು "ವಷರ" ಅಂತ ಓದುವುದು ಖಂಡಿತ, ಬೋಧಕಿಗೆ ಮೊದಲೇ ಹೇಳಿಟ್ಟರೆ ಗಾಬರಿಯಾಗುವುದಿಲ್ಲ. ಅರ್ಜಿ, ಖರ್ಚು, ಮಾರ್ಚ್, ಕಾರ್ಡ್ ಇಷ್ಟು ಪದ ಸಾಕು.

ಒಂದರಂತೆ ಒಂದು ಕಾಣುವ ಅಕ್ಷರಗಳನ್ನು ಒಂದೇ ವಾರ ತರಬೇಡಿ. ವ, ಪ, ಷ ಒಂದು ಗುಂಪು. ದ, ಧ, ಥ ಇನ್ನೊಂದು, ಒಳಗಿನ ಚುಕ್ಕೆ, ಕೆಳಗಿನ ಸೀಳು ಇಷ್ಟರಲ್ಲೇ ವ್ಯತ್ಯಾಸ. "ಹೋಲಿಸಿ ನೋಡಿ" ಅಂತ ಪಕ್ಕಪಕ್ಕ ಬರೆದು ತೋರಿಸುವುದು ಗೊತ್ತಿದ್ದವರಿಗೆ ಸುಲಭ, ಕಲಿಯುವವರಿಗೆ ಎರಡೂ ಕಲಸಿಹೋಗುತ್ತವೆ. ಒಂದು ಗಟ್ಟಿಯಾಗಲು ವಾರ ಕೊಡಿ. ಮಹಾಪ್ರಾಣಗಳು ಮಾತಿನಲ್ಲಿ ಹೇಗೂ ಕಡಿಮೆ, ಆಧಾರ್, ಖಾತೆ, ಭಾರತ ಅಂತ ಕಣ್ಣಿಗೆ ಬೀಳುವ ಪದಗಳಲ್ಲಿ ಗುರುತಿಸಿದರೆ ಮೊದಲ ಮೂರು ತಿಂಗಳಿಗೆ ಆಯಿತು.

ಇದೆಲ್ಲ ಬೋಧಕರಿಗೆ ಒಂದೇ ದಿನ ಹೇಳಿದರೆ ನಿಲ್ಲುವುದಿಲ್ಲ. ಹದಿನೈದು ದಿನಕ್ಕೊಮ್ಮೆ 90 ನಿಮಿಷದ ಸಭೆ ಇಡಿ. ಪ್ರತಿಯೊಬ್ಬ ಬೋಧಕರೂ ಮೂರು ನೋಟ್‌ಬುಕ್ ತರಬೇಕು: ಮುಂದಿರುವವರದ್ದು ಒಂದು, ನಡುವಿನವರದ್ದು ಒಂದು, ಹಿಂದೆ ಬಿದ್ದವರದ್ದು ಒಂದು. ಮೊದಲ 20 ನಿಮಿಷ ನೋಟ್‌ಬುಕ್ ನೋಡುವುದಷ್ಟೇ. "ಹೇಗೆ ನಡೀತಿದೆ?" ಅಂತ ಕೇಳಿದರೆ "ಚೆನ್ನಾಗಿದೆ ಮೇಡಂ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. "ಈ ವಾರ ಯಾವ ಅಕ್ಷರಕ್ಕೆ ತಪ್ಪಾಯಿತು, ಎಷ್ಟು ಜನಕ್ಕೆ?" ಅಂತ ಕೇಳಿ. ಆಮೇಲೆ 30 ನಿಮಿಷ ಒಂದೇ ಒಂದು ಕೌಶಲದ ಪ್ರದರ್ಶನ, ಉದಾಹರಣೆಗೆ ಹಕ್ಕಿ-ಹಕಿಕ. ಮತ್ತೆ 25 ನಿಮಿಷ ಇಬ್ಬಿಬ್ಬರಾಗಿ ಒಬ್ಬರಿಗೊಬ್ಬರು ಕಲಿಸಿ ನೋಡುವುದು. ಕೊನೆಯ ಕಾಲು ಗಂಟೆ ಮುಂದಿನ ಹತ್ತು ತರಗತಿಯ ಪದಗಳನ್ನು ಬರೆದುಕೊಳ್ಳಲು. ಹಾಜರಾತಿ ಪುಸ್ತಕ, ಸುತ್ತೋಲೆ, ಫೋಟೊ ಇವು ಸಭೆಗೆ ಬೇಡ, ವಾಟ್ಸಾಪಿಗೆ ತಳ್ಳಿ. ಈ ಶಿಸ್ತು ತಪ್ಪಿದರೆ ಎರಡನೇ ಸಭೆಯಿಂದಲೇ ಅದು ವರದಿ ಒಪ್ಪಿಸುವ ಸಭೆಯಾಗಿಬಿಡುತ್ತದೆ.

ಲೆಕ್ಕದಚೀಟಿ

ಗಣಿತದ ಪುಟ ಯಾಕೆ ಮುಟ್ಟುವುದಿಲ್ಲ ಅಂದರೆ ಬೋಧಕರಿಗೆ ಅದು ಚಿಕ್ಕ ಮಕ್ಕಳ ಪಾಠವಾಗಿ ಕಾಣುತ್ತದೆ, ಕಲಿಕಾರ್ಥಿಗೆ ಅವಮಾನವಾಗಿ. ಸಂತೆಯಲ್ಲಿ ಮೂರು ಮುಕ್ಕಾಲು ಕೆಜಿ ಮೆಣಸಿನಕಾಯಿಯ ಲೆಕ್ಕ ಬಾಯಲ್ಲೇ ಹೇಳುವವಳಿಗೆ ಎರಡು ಮಾವಿನಹಣ್ಣು, ಮೂರು ಮಾವಿನಹಣ್ಣು ಕೂಡಿಸಲು ಹೇಳಬಾರದು. ಅವಳಿಗೆ ಲೆಕ್ಕ ಬರುತ್ತದೆ, ಬರವಣಿಗೆ ಬರುವುದಿಲ್ಲ. ಬೋಧಕರಿಗೆ ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು.

ಮೊದಲ ಗಂಟು ಸ್ಥಾನಬೆಲೆ. "ನೂರಾ ಐದು" ಬರೆಯಿರಿ ಅಂದರೆ 1005 ಬರೆಯುತ್ತಾರೆ. ಕಿವಿಗೆ ಬಿದ್ದದ್ದು ನೂರು, ಆಮೇಲೆ ಐದು, ಅದನ್ನೇ ಬರೆದಿದ್ದಾರೆ. "ತಪ್ಪು" ಅಂತ ಗೀಚಿದರೆ ಏನೂ ಉಪಯೋಗವಿಲ್ಲ. ಮದುವೆ ಕಾಗದದ ಖಾಲಿ ಬೆನ್ನಿನಲ್ಲಿ ಕಾರ್ಡ್ ಕತ್ತರಿಸಿ: ನೂರರವು 12 ಸೆಂ.ಮೀ. ಉದ್ದ, ಹತ್ತರವು 8, ಬಿಡಿ 4, ಎಲ್ಲದರ ಎತ್ತರ 6. 100ರಿಂದ 900, 10ರಿಂದ 90, 1ರಿಂದ 9, ಒಟ್ಟು 27 ಕಾರ್ಡು. ಒಂದು ಅಂಕಿಗೆ 4 ಸೆಂ.ಮೀ. ಜಾಗ ಅಂತ ಲೆಕ್ಕ. ಬಲಗಡೆಯ ಅಂಚು ಸರಿಹೊಂದಿಸಿ 100ರ ಮೇಲೆ 5ನ್ನು ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 105 ಕಾಣುತ್ತದೆ. ಎತ್ತಿದರೆ ನೂರು ಕೆಳಗೇ ಇದೆ. ಎಡಗಡೆ ಅಂಚು ಹೊಂದಿಸಿದರೆ 500 ಆಗುತ್ತದೆ, ಹಾಗಾಗಿ ಕಾರ್ಡಿನ ಬಲತುದಿಗೆ ಕೆಂಪು ಗೆರೆ ಎಳೆದಿಡಿ. 12 ಜನ ಬೋಧಕರಿಗೂ ಒಂದೊಂದು ಸೆಟ್, ಸಭೆಯಲ್ಲೇ ಕೂತು ಮಾಡಿದರೆ ಕತ್ತರಿ, ಮಾರ್ಕರ್ ಖರ್ಚು ಬಿಟ್ಟು ಬೇರೆ ಇಲ್ಲ.

ಕನ್ನಡದ ಎಣಿಕೆ ನಮಗೆ ಅನುಕೂಲ: ಇಪ್ಪತ್ತೈದು ಅಂದರೆ ಇಪ್ಪತ್ತು ಮೊದಲು, ಐದು ಆಮೇಲೆ, ಬರೆಯುವುದೂ ಅದೇ ಕ್ರಮ. ತೊಡಕಿರುವುದು ಒಂಬತ್ತು, ತೊಂಬತ್ತು, ಒಂಬೈನೂರು ಈ ಮೂರರಲ್ಲಿ, ಕಿವಿಯಲ್ಲಿ ಕಲಸಿಹೋಗುತ್ತವೆ. 9, 90, 900 ಕಾರ್ಡು ಮೂರನ್ನೂ ಹರಡಿ, ಹೇಳಿದ್ದನ್ನು ಎತ್ತುವ ಆಟ ದಿನಾ ಎರಡು ನಿಮಿಷ.

ಅಂಕಿ ಯಾವುದು ಕಲಿಸಬೇಕು, 1 2 3 ಅಥವಾ ೧ ೨ ೩? ಇದಕ್ಕೆ ಜಗಳ ಬೇಡ. ಫೋನು, ನೋಟು, ಕರೆಂಟ್ ಬಿಲ್, ಪಾಸ್‌ಬುಕ್ ಎಲ್ಲದರಲ್ಲೂ ಇರುವುದು 1 2 3, ಬರೆಯಲು ಅದು. ಕನ್ನಡ ಅಂಕಿ ಬಸ್ಸಿನ ಮೇಲೆ, ಕ್ಯಾಲೆಂಡರಿನಲ್ಲಿ ಕಂಡಾಗ ಓದಲು ಬಂದರೆ ಆಯಿತು, ನಾಲ್ಕನೇ ತಿಂಗಳಿಗೆ ಒಂದು ವಾರ ಇಡಿ. ಎರಡನ್ನೂ ಒಟ್ಟಿಗೆ ಶುರು ಮಾಡಿದವರ ನೋಟ್‌ಬುಕ್ಕಿನಲ್ಲಿ ಒಂದೇ ಸಂಖ್ಯೆಯೊಳಗೆ ಎರಡೂ ಬೆರೆತಿರುತ್ತವೆ.

ಕಳೆಯುವ ಲೆಕ್ಕದಲ್ಲಿ "ಪಕ್ಕದ ಮನೆಯಿಂದ ಸಾಲ ತರುವ" ಕ್ರಮವನ್ನು ಮೊದಲೇ ಹೇರಬೇಡಿ. ನೂರರ ನೋಟು ಕೊಟ್ಟು 64 ರೂಪಾಯಿ ಸಾಮಾನು ತಂದರೆ ಚಿಲ್ಲರೆ ಎಷ್ಟು ಅಂತ ಕೇಳಿ. 64ರಿಂದ 70ಕ್ಕೆ ಆರು, 70ರಿಂದ ನೂರಕ್ಕೆ ಮೂವತ್ತು, ಒಟ್ಟು 36 ಅಂತ ಅವರೇ ಹೇಳುತ್ತಾರೆ. ಅದನ್ನೇ ಒಂದು ಗೆರೆ ಎಳೆದು, 64, 70, 100 ಗುರುತು ಹಾಕಿ, ನಡುವೆ 6 ಮತ್ತು 30 ಬರೆದು ತೋರಿಸಿ. ಅವರ ಬಾಯಿಲೆಕ್ಕ ಕಾಗದಕ್ಕೆ ಇಳಿಯಿತು, ಹೊಸದೇನೂ ಕಲಿಸಿದ ಹಾಗಾಗಲಿಲ್ಲ. ಗುಣಾಕಾರವೂ ಹಾಗೇ: 2025–26ರ ನರೇಗಾ ಕೂಲಿ ದರ ದಿನಕ್ಕೆ 370. ಆರು ದಿನಕ್ಕೆ? ಮುನ್ನೂರರಂತೆ ಆರು ದಿನ 1,800, ಎಪ್ಪತ್ತರಂತೆ ಆರು ದಿನ 420, ಒಟ್ಟು 2,220. ಪಾಸ್‌ಬುಕ್ಕಿಗೆ ಬಂದದ್ದು ಅಷ್ಟೇ ಇದೆಯೇ ಅಂತ ನೋಡುವುದು ಆ ವಾರದ ಓದು.

ಬಡ್ಡಿ ಲೆಕ್ಕಕ್ಕೆ ಸಂಘದವರು ಜೀವ ಬಿಡುತ್ತಾರೆ, ಅದನ್ನು ಮೂರನೇ ತಿಂಗಳಿಗೇ ತನ್ನಿ. "ನೂರಕ್ಕೆ ಎರಡು ರೂಪಾಯಿ" ಅಂದರೆ ತಿಂಗಳಿಗೆ. 10,000ಕ್ಕೆ ತಿಂಗಳಿಗೆ 200, ವರ್ಷಕ್ಕೆ 2,400, ಅಂದರೆ ವರ್ಷಕ್ಕೆ ಶೇಕಡಾ 24. ಬ್ಯಾಂಕಿನವರು "ಶೇಕಡಾ 12" ಅಂದರೆ ಅದು ವರ್ಷದ್ದು, ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ. ಕೇಳುವವರಿಗೆ 12 ದೊಡ್ಡದು, 2 ಚಿಕ್ಕದು. ಅಲ್ಲೇ ಮೋಸ ಹೋಗುವುದು. ಇನ್ನೊಂದು ಹೆಜ್ಜೆ: ಆ 10,000ವನ್ನು ತಿಂಗಳಿಗೆ ಸಾವಿರದಂತೆ ಹತ್ತು ತಿಂಗಳು ತೀರಿಸಿದರು ಅನ್ನಿ. ಪ್ರತಿ ತಿಂಗಳೂ ಪೂರ್ತಿ ಸಾಲದ ಮೇಲೆ 200 ಹಿಡಿದರೆ ಬಡ್ಡಿ 2,000. ಉಳಿದ ಸಾಲದ ಮೇಲೆ ಹಿಡಿದರೆ 200, 180, 160 ಹೀಗೆ ಇಳಿದು 20ರ ತನಕ, ಒಟ್ಟು 1,100. ಹತ್ತು ಸಾಲಿನ ಪಟ್ಟಿ ಕಪ್ಪುಹಲಗೆ ಮೇಲೆ ಅವರೇ ಬರೆಯಲಿ.

ಜಮೀನಿರುವವರಿಗೆ ಪಹಣಿ. ಇಲ್ಲಿ ಬೋಧಕರೇ ತಪ್ಪುತ್ತಾರೆ, ಅದರಲ್ಲೂ ಡಿಗ್ರಿ ಓದುವವರು. 1.30 ಅಂದರೆ ಒಂದು ಎಕರೆ 30 ಗುಂಟೆ, ದಶಮಾಂಶ ಅಲ್ಲ. ಎಕರೆಗೆ 40 ಗುಂಟೆ. 1.30ಕ್ಕೆ 1.20 ಕೂಡಿಸಿದರೆ ಕ್ಯಾಲ್ಕುಲೇಟರ್ 2.5 ತೋರಿಸುತ್ತದೆ, ಎರಡೂವರೆ ಎಕರೆ ಅಂತ ಓದಿಬಿಡುತ್ತಾರೆ. ನಿಜಕ್ಕೂ 50 ಗುಂಟೆ ಅಂದರೆ ಒಂದು ಎಕರೆ ಹತ್ತು ಗುಂಟೆ, ಮೊತ್ತ 3 ಎಕರೆ 10 ಗುಂಟೆ. 30 ಗುಂಟೆ ವ್ಯತ್ಯಾಸ! ಗಂಟೆ-ನಿಮಿಷದ ಲೆಕ್ಕ ಜತೆಗಿಟ್ಟು ಕಲಿಸಿದರೆ ಬೇಗ ಹತ್ತುತ್ತದೆ, ಅಲ್ಲಿ 60, ಇಲ್ಲಿ 40.

ಗಡಿನಾಡು

ಮೇಲಿನ ಇಬ್ಬರೂ ಛಲೋ ಬರದಾರ. ನಮ್ಮ ಭಾಗದ ಎರಡು ಮಾತು ಸೇರಸ್ತೀನ್ರೀ.

ಒಂದು, ಭಾಷಾ. ನಮ್ಮ ಮಂದಿ "ಮನಿ" ಅಂತಾರ, "ಬೆಲಿ" ಅಂತಾರ, "ಐತಿ" ಅಂತಾರ. ಬರಿ ಅಂದ್ರ ಹಂಗ ಬರೀತಾರ. ಮೇಷ್ಟ್ರು ಕೆಂಪು ಪೆನ್ನು ತಗೊಂಡು ಗೀಟು ಹೊಡೀತಾರ. ಆಕಿ "ಮನಿ" ಅಂತ ಬರದಾಳ ಅಂದ್ರ ಕಿವಿಗೆ ಬಿದ್ದ ಸಪ್ಪಳಾನ ಸರಿಯಾಗಿ ಅಕ್ಷರಕ್ಕ ಇಳಿಸ್ಯಾಳ, ಅದು ಪಾಸ್. ಬೋಧಕರಿಗೆ ಹೇಳ್ರಿ: ಮೊದಲ ಮೂರು ತಿಂಗಳು ಆಡುಮಾತಿನ ಬರಹ ಸರಿ ಅಂತನ ತಿಳೀರಿ, ಪಕ್ಕದಾಗ "ಪುಸ್ತಕದಾಗ ಹಿಂಗ ಬರೀತಾರ: ಮನೆ" ಅಂತ ಬರದು ತೋರಸ್ರಿ. ಹಳೇ ಮೈಸೂರು ಕಡೆ "ಹಾಲು" "ಆಲು" ಆಗೋದು ಇದೇ ಜಾತಿದು. ಕಿವಿಯಾಗ ಹ ಇಲ್ಲದವರಿಗೆ ಹ ಬರಿ ಅಂತ ಬೈದ್ರ ಎಲ್ಲಿಂದ ತರ್ತಾರ? ಅದನ್ನ ಕಣ್ಣಿನಿಂದನ ಕಲಿಬೇಕು, ಅದಕ್ಕ ಟೈಮ್ ಬೇಕು.

ಎರಡು, ಮನಿಯೊಳಗ ಉರ್ದು ಅಥವಾ ಮರಾಠಿ ಮಾತಾಡೋರು. ಅವರ ಎಣಿಕೆಯೊಳಗ ಪಚ್ಚೀಸ್, ಪಂಚವೀಸ್ ಅಂತ ಐದು ಮೊದಲು ಕೇಳ್ತದ, ಇಪ್ಪತ್ತು ಹಿಂದಿನಿಂದ ಬರ್ತದ. ಹಂಗಾಗಿ 25ಕ್ಕ 52 ಬರೀತಾರ. ಬುದ್ಧಿ ಕಮ್ಮಿ ಅಂತ ಬೋಧಕರು ತಿಳೀತಾರ, ಅದು ಭಾಷಾದ ಸಲುವಾಗಿ. ಇಂಥವರಿಗೆ ಲೆಕ್ಕದಚೀಟಿ ಅವರು ಹೇಳಿದ ಕಾರ್ಡ್ ಭಾಳ ಕೆಲಸಕ್ಕ ಬರ್ತಾವ: 20 ಮೊದಲು ಇಡ್ರಿ, ಅದರ ಮ್ಯಾಲೆ 5 ಇಡ್ರಿ, ಬಾಯಾಗ ಯಾವ ಭಾಷಾ ಆದ್ರೂ ಇರ್ಲಿ.

ಸಂಜೆಪಾಠ

ಬಹಳ ಉಪಕಾರ. ಹಕಿಕ, 1005 ಎರಡೂ ನಮ್ಮ ನೋಟ್‌ಬುಕ್ಕುಗಳಲ್ಲಿ ಇವೆ. ಇನ್ನೂ ಮೂರು ಸಂಗತಿ ಉಳಿದಿವೆ. ನಿವೃತ್ತ ಮೇಷ್ಟ್ರೊಬ್ಬರು ಬೈಯುತ್ತಾರೆ ಅಂತ ದೂರಿದೆ, ಅವರಿಗೆ ಹೇಗೆ ಹೇಳುವುದು? ಕೆಲವು ಹೆಂಗಸರು "ಕಣ್ಣು ಉರಿತದ, ತಲೆ ನೋಯ್ತದ" ಅಂತ ಎರಡನೇ ವಾರಕ್ಕೇ ಬಿಡುತ್ತಾರೆ. ಮತ್ತೆ, ಉಲ್ಲಾಸ್ (ಕೇಂದ್ರ ಸರಕಾರದ ವಯಸ್ಕರ ಸಾಕ್ಷರತಾ ಕಾರ್ಯಕ್ರಮ) ಪರೀಕ್ಷೆಗೆ ಈಗಿನಿಂದಲೇ ತಯಾರಿ ಮಾಡಿಸಬೇಕೇ?

ಹಳೇಪ್ರೇರಕ

ಕಣ್ಣಿನಿಂದ ಶುರು ಮಾಡುತ್ತೇನೆ, ಯಾಕಂದರೆ ಬೋಧಕರ ತಪ್ಪೇ ಇಲ್ಲದೆ ತರಗತಿ ಖಾಲಿಯಾಗುವುದು ಇದರಿಂದ. 40 ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಸಹಜ. ದೂರದ್ದು ಚೆನ್ನಾಗಿ ಕಾಣುವುದರಿಂದ ಅವರಿಗೇ ಗೊತ್ತಿರುವುದಿಲ್ಲ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಿರುತ್ತಾರೆ ಅಷ್ಟೇ. ಮೊದಲ ದಿನವೇ ಪ್ರೈಮರನ್ನು ಒಂದೂಕಾಲು ಅಡಿ ದೂರ ಹಿಡಿಸಿ, ಅಕ್ಷರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಇವೆ ಅಂತ ಬೆರಳಿಟ್ಟು ಎಣಿಸಲು ಹೇಳಿ. ಪುಸ್ತಕವನ್ನು ದೂರ ಸರಿಸುತ್ತ ಹೋದರೆ, ಎಣಿಕೆ ತಪ್ಪಿದರೆ ಹೆಸರು ಬರೆದುಕೊಳ್ಳಿ. ಅಷ್ಟೂ ಜನರನ್ನು ಒಂದೇ ದಿನ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದೊಯ್ಯಿರಿ. ಬೀದಿಬದಿಯ ಕನ್ನಡಕ ಕೊಡಿಸುವ ಮೊದಲು ತೋರಿಸುವುದು ಒಳ್ಳೆಯದು, ಪೊರೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಬಲ್ಬು ಬೋಧಕರ ತಲೆಯ ಮೇಲಲ್ಲ, ಕಲಿಯುವವರ ಎಡಹೆಗಲ ಹಿಂದೆ ಮೇಲಕ್ಕೆ ಇರಬೇಕು, ಇಲ್ಲದಿದ್ದರೆ ಬರೆಯುವ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತದೆ. ನಿಮ್ಮ 3,000ದಲ್ಲಿ ಮೊದಲ ಖರ್ಚು ಬೆಳಕಿಗಾಗಲಿ.

ಕೈಯ ಬಗ್ಗೆಯೂ ಒಂದು ಮಾತು. ಕುಡುಗೋಲು ಹಿಡಿದ ಕೈ ಪೆನ್ಸಿಲನ್ನು ಒತ್ತಿ ಹಿಡಿಯುತ್ತದೆ, ಮೊನೆ ಮುರಿಯುತ್ತದೆ, ಹಾಳೆ ಹರಿಯುತ್ತದೆ. ಎರಡು ವಾರ ಸ್ಲೇಟು ಅಥವಾ ನೆಲದ ಮೇಲೆ ಸೀಮೆಸುಣ್ಣ, ಅಂಗೈ ಅಗಲದ ಅಕ್ಷರ. ರಂಗೋಲಿ ಹಾಕುವವರಿಗೆ ಕನ್ನಡದ ದುಂಡು ಆಗಲೇ ಕೈಯಲ್ಲಿದೆ. ಚುಕ್ಕಿ ಇಟ್ಟು "ಇಲ್ಲಿಂದ ಸುತ್ತಿ ಇಲ್ಲಿಗೆ ತನ್ನಿ" ಅಂದರೆ ಸಾಕು.

ಇನ್ನು ತರಗತಿ ನೋಡುವ ಕ್ರಮ. ಕುರ್ಚಿ ತರಿಸಬೇಡಿ, ಜಮಖಾನದ ಮೇಲೆ ಕಲಿಕಾರ್ಥಿಗಳ ಸಾಲಿನಲ್ಲೇ ಕೂರಿ. ಹಾಜರಾತಿ ಪುಸ್ತಕ ಕೇಳಬೇಡಿ. ನಿಮ್ಮ ಪುಸ್ತಕದಲ್ಲಿ ಎರಡು ಅಂಕಣ: ಬೋಧಕರು ಮಾತಾಡಿದ ನಿಮಿಷ, ಕಲಿಯುವವರ ಕೈ ಅಥವಾ ಬಾಯಿ ಆಡಿದ ನಿಮಿಷ. 40 ನಿಮಿಷದಲ್ಲಿ ಬೋಧಕರದ್ದೇ 30 ಆಗಿದ್ದರೆ ಬೇರೆ ಏನನ್ನೂ ಸರಿಪಡಿಸಲು ಹೋಗಬೇಡಿ, ಮೊದಲು ಅದು. ತಪ್ಪನ್ನು ಎಲ್ಲರೆದುರು ತಿದ್ದಬೇಡಿ. ಊರಲ್ಲಿ ಎಲ್ಲರೂ ಒಬ್ಬರಿಗೊಬ್ಬರು ನೆಂಟರು, ಬೆಳಿಗ್ಗೆಯೊಳಗೆ ಸುದ್ದಿ ಬೋಧಕಿಯ ಅತ್ತೆಮನೆಗೆ ಮುಟ್ಟಿರುತ್ತದೆ. ತರಗತಿ ಬಿಟ್ಟ ಮೇಲೆ ಹೊರಗೆ ನಿಂತು, ನೋಡಿದ ಒಂದು ಒಳ್ಳೆಯದನ್ನು ನಿಖರವಾಗಿ ಹೇಳಿ, ಬದಲಿಸಬೇಕಾದ್ದು ಒಂದೇ ಹೇಳಿ. "ಚೆನ್ನಾಗಿ ಮಾಡ್ತೀಯಮ್ಮ" ಅನ್ನುವುದು ಲೆಕ್ಕಕ್ಕಿಲ್ಲ. "ಶರಣಮ್ಮ ತಡವರಿಸಿದಾಗ ನೀನು ಹೇಳಿಕೊಡದೆ ಹತ್ತು ಎಣಿಸುವಷ್ಟು ಕಾದೆ, ಆಕೆ ತಾನೇ ಓದಿದಳು" ಅನ್ನುವುದು ಲೆಕ್ಕಕ್ಕಿದೆ. ಹತ್ತು ಹದಿನಾಲ್ಕು ದಿನದಲ್ಲಿ ಮತ್ತೆ ಹೋಗಿ, ಹೇಳಿದ ಆ ಒಂದನ್ನು ಮಾತ್ರ ನೋಡಿ.

ಮೇಷ್ಟ್ರ ವಿಷಯ: ಅವರಿಗೆ ಬುದ್ಧಿವಾದ ಹೇಳಿದರೆ ಬಿಟ್ಟುಹೋಗುತ್ತಾರೆ, ಇಲ್ಲವೇ ಇನ್ನೂ ಬಿಗಿಯುತ್ತಾರೆ. 40 ವರ್ಷ ಮಕ್ಕಳಿಗೆ ಕಲಿಸಿದ ಅಭ್ಯಾಸ ಅದು. ಹದಿನೈದು ದಿನಕ್ಕೊಮ್ಮೆ ನಡೆಯುವ ಸಭೆಯಲ್ಲಿ ಬಡ್ಡಿ ಲೆಕ್ಕ, ಪಹಣಿ ಲೆಕ್ಕದ ಪ್ರದರ್ಶನವನ್ನು ಅವರ ಕೈಗೆ ಕೊಡಿ, ಹುಡುಗಿಯರಿಗೆ ಅದು ಬೇಕು. ಅವರ ತರಗತಿಗೆ ಒಬ್ಬ ಜೊತೆಬೋಧಕಿಯನ್ನು ಸೇರಿಸಿ ಓದುಬರಹ ಆಕೆಗೆ ಬಿಡಿ. ಎಲ್ಲ ಬೋಧಕರಿಗೂ ಒಂದೇ ನಿಯಮ ಇಡಿ: ವಯಸ್ಸಿಗೆ ತಕ್ಕಂತೆ ಅಕ್ಕ, ದೊಡ್ಡಮ್ಮ, ಅಜ್ಜಿ ಅಂತ ಕರೆದು ಬಹುವಚನದಲ್ಲೇ ಮಾತು, ಹೆಸರು ಹಿಡಿದು "ನೀ ಓದು" ಅನ್ನುವಂತಿಲ್ಲ. ನಿಯಮ ಎಲ್ಲರಿಗೂ ಅಂದಾಗ ಮೇಷ್ಟ್ರಿಗೂ ಮುಜುಗರ ಇಲ್ಲ.

ಜೊತೆಬೋಧಕಿ ಎಲ್ಲ ತರಗತಿಗೂ ಬೇಕು. ನಿಮ್ಮ ಏಳು ಹುಡುಗಿಯರೂ ಪರೀಕ್ಷೆ ಬಂದಾಗ ಒಟ್ಟಿಗೆ ಮಾಯವಾಗುತ್ತಾರೆ, ಅದು ಈಗಲೇ ಗೊತ್ತಿರುವ ವಿಷಯ. ಓದು ಬಲ್ಲ ಸಂಘದ ಸದಸ್ಯೆ, ಒಂಬತ್ತನೇ ತರಗತಿ ಬಿಟ್ಟ ಸೊಸೆ, ಯಾರಾದರೂ ಆದೀತು. ರಾತ್ರಿ ಒಂಬತ್ತಕ್ಕೆ ಹುಡುಗಿ ಒಬ್ಬಳೇ ಮನೆಗೆ ಹೋಗಬೇಕಾದ ತರಗತಿ ಹೆಚ್ಚು ದಿನ ನಡೆಯುವುದಿಲ್ಲ. ಜಾಗವನ್ನು ಶಾಲೆಯಿಂದ ಆಕೆಯ ಓಣಿಯ ಗುಡಿ ಕಟ್ಟೆಗೋ ಪಡಸಾಲೆಗೋ ಬದಲಿಸಿ.

ಉಲ್ಲಾಸ್ ಪರೀಕ್ಷೆ 150 ಅಂಕದ್ದು, ಓದು, ಬರಹ, ಲೆಕ್ಕ ತಲಾ 50. ಅದರ ಮಾದರಿ ಪ್ರಶ್ನೆಪತ್ರಿಕೆಯನ್ನು ಕೊನೆಯ ಮೂರು ವಾರಕ್ಕೆ ಮುಂಚೆ ತರಗತಿಗೆ ತರಬೇಡಿ. ಮೊದಲೇ ತಂದರೆ ಬೋಧಕರು ಉತ್ತರ ಬಾಯಿಪಾಠ ಮಾಡಿಸುತ್ತಾರೆ, ಹಾಳೆ ತುಂಬುತ್ತದೆ, ಬಸ್ ಬೋರ್ಡ್ ಮಾತ್ರ ಓದಲು ಬರುವುದಿಲ್ಲ. ಬದಲಿಗೆ ನಾಲ್ಕು ವಾರಕ್ಕೊಮ್ಮೆ ಒಬ್ಬೊಬ್ಬರಿಗೆ ಹತ್ತು ನಿಮಿಷ: ಪಾಠದಲ್ಲಿ ಬಾರದ ಹತ್ತು ಪದ ಓದುವುದು, ಐದು ಪದದ ಉಕ್ತಲೇಖನ, 105, 350, 1,020 ಹೀಗೆ ಐದು ಸಂಖ್ಯೆ ಬರೆಯುವುದು. ಹತ್ತರಲ್ಲಿ ಏಳು ಪದ ತಪ್ಪಿದರೆ ಬೋಧಕಿ ಹಿಂದಿನ ಚಿಹ್ನೆಗೆ ವಾಪಸ್ ಹೋಗಬೇಕು, ಅಷ್ಟಕ್ಕೇ ಅದು. ರುಜು ಬರುತ್ತದೆ ಅನ್ನುವವರ ಹೆಸರಿನ ನಡುವಿನ ಅಕ್ಷರ ತೋರಿಸಿ ಇದೇನು ಅಂತ ಕೇಳಿ. ಹೇಳಲಾಗದಿದ್ದರೆ ಅವರು ಚಿತ್ರ ಬರೆಯುತ್ತಿದ್ದಾರೆ.

ಮತ್ತೊಂದು. ಮೂರು ತಿಂಗಳಲ್ಲಿ ಓದುಬರಹ ಅಂತ ಯಾರಾದರೂ ಮಾತು ಕೊಟ್ಟಿದ್ದರೆ ಹಿಂತೆಗೆದುಕೊಳ್ಳಿ. ರಾಷ್ಟ್ರೀಯ ಸಾಕ್ಷರತಾ ಮಿಷನ್ ಕಾಲದ ಮೂರು ಪ್ರೈಮರುಗಳೇ 200 ಗಂಟೆಯ ಲೆಕ್ಕದವು. ನಿಮ್ಮದು ದಿನಕ್ಕೆ ಒಂದೂಕಾಲು ಗಂಟೆ, ವಾರಕ್ಕೆ ಆರೂಕಾಲು, ಅಂದರೆ ಒಂದು ವಾರವೂ ತಪ್ಪದಿದ್ದರೆ 32 ವಾರ. ನಡುವೆ ಭತ್ತದ ನಾಟಿ, ಹತ್ತಿ ಬಿಡಿಸುವುದು, ಗುಳೆ ಎಲ್ಲ ಇವೆ. ನಾಟಿಯ ತಿಂಗಳಲ್ಲಿ ವಾರಕ್ಕೆ ಎರಡೇ ದಿನ ಅಂತ ಮೊದಲೇ ಬೋಧಕರಿಗೆ ಹೇಳಿ ಕ್ಯಾಲೆಂಡರಿನಲ್ಲಿ ಬರೆದುಕೊಡಿ. ಇಲ್ಲದಿದ್ದರೆ ಜನ ಬಾರದ ಆ ವಾರಗಳನ್ನು ತಮ್ಮದೇ ಸೋಲು ಅಂದುಕೊಂಡು ಅವರೇ ಮೊದಲು ಬಿಡುತ್ತಾರೆ.

ಕಾಗುಣಿತ

ಹಳೇಪ್ರೇರಕ ಅವರ ಮಾತಿಗೆ ಒಂದು ತಕರಾರು. ಹತ್ತರಲ್ಲಿ ಏಳು ಪದ ತಪ್ಪಿದರೆ ಹಿಂದಕ್ಕೆ ಹೋಗಿ ಅಂದಿರಿ, ಅದು ತಡವಾಯಿತು. ನಾಲ್ಕು ತಪ್ಪಿದರೇ ನಿಲ್ಲಬೇಕು. ಕಾಗುಣಿತದಲ್ಲಿ ಹಿಂದಿನ ಚಿಹ್ನೆ ಹಸಿ ಇದ್ದರೆ ಮುಂದಿನದು ಅದರ ಮೇಲೆ ಕೂರುವುದಿಲ್ಲ.

ಹಳೇಪ್ರೇರಕ

ಓದುವ ಪದಕ್ಕೆ ಒಪ್ಪಿದೆ, ನಾಲ್ಕು ಮಾಡಿಕೊಳ್ಳಿ. ಉಕ್ತಲೇಖನಕ್ಕೆ ಅಷ್ಟು ಬಿಗಿ ಬೇಡ, ಬರಹ ಯಾವಾಗಲೂ ಓದಿಗಿಂತ ಮೂರ್ನಾಲ್ಕು ವಾರ ಹಿಂದೆಯೇ ನಡೆಯುತ್ತದೆ.

ಸಂಜೆಪಾಠ

ಈ ಶನಿವಾರ ಮೊದಲ ಸಭೆ ಇಟ್ಟಿದ್ದೇನೆ. ಮೂರು ನೋಟ್‌ಬುಕ್ ತರಲು ಎಲ್ಲರಿಗೂ ಮೆಸೇಜ್ ಹೋಗಿದೆ, ಪ್ರದರ್ಶನಕ್ಕೆ "ಆ"ದ ಚಿಹ್ನೆ ಒಂದೇ. ಪಹಣಿ ಲೆಕ್ಕ ಮುಂದಿನ ಸಭೆಯಲ್ಲಿ ಮೇಷ್ಟ್ರ ಕೈಗೆ. ಹಳೇ ಮದುವೆ ಕಾಗದ ಗ್ರಂಥಾಲಯದಲ್ಲಿ ಒಂದು ಡಬ್ಬ ತುಂಬ ಸಿಕ್ಕಿವೆ, ನಾಲ್ಕೈದು ಸೆಟ್‌ಗೆ ಸಾಕು. ಉಳಿದದ್ದಕ್ಕೆ ಹಳೇ ಕ್ಯಾಲೆಂಡರ್ ಹಾಳೆ ಆಗುತ್ತಾ, ಅಥವಾ ತೆಳುವಾಗುತ್ತಾ?

ಲೆಕ್ಕದಚೀಟಿ

ತೆಳು, ಮೇಲಿಟ್ಟ ಕಾರ್ಡಿನಲ್ಲಿ ಕೆಳಗಿನ ಸೊನ್ನೆ ಕಾಣುತ್ತದೆ. ಎರಡು ಹಾಳೆ ಮೈದಾ ಅಂಟಿನಲ್ಲಿ ಅಂಟಿಸಿ, ಭಾರ ಹೇರಿ ಒಂದು ರಾತ್ರಿ ಒಣಗಿಸಿ, ಆಮೇಲೆ ಕತ್ತರಿಸಿ. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕದಿದ್ದರೆ ಜಿರಳೆ ತಿನ್ನುತ್ತದೆ. ಅದು ವಿಷ, ಹಾಗಾಗಿ ಕಲಸಿದ ಪಾತ್ರೆ ಮತ್ತೆ ಅಡುಗೆಗೆ ಬೇಡ, ಮಕ್ಕಳ ಕೈಗೂ ಸಿಗದಿರಲಿ.